ಹರೆಯ ಮತ್ತು ನಶೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ‘ಅವನು ತಗೊಳ್ತಿರೋದು ಯಾವ ಡ್ರಗ್?’ ಎಂದು. ನಾವು ಮೊದಲು ಕೇಳುವುದು ಬೇರೆ: ದಿನದ ಯಾವ ಹೊತ್ತಿನಲ್ಲಿ, ಯಾರ ಜೊತೆ, ಯಾತಕ್ಕೆ? ಗೆಳೆಯರ ಗುಂಪಿನಲ್ಲಿ ತಿಂಗಳಿಗೊಮ್ಮೆ ಸೇದುವ ಹುಡುಗ, ನಿದ್ದೆ ಬರಲೆಂದು ದಿನಾ ರಾತ್ರಿ ಒಬ್ಬನೇ ಸೇದುವ ಹುಡುಗ, ಇಬ್ಬರ ಕೈಯಲ್ಲಿರುವುದೂ ಅದೇ ಗಾಂಜಾ. ಆದರೆ ಇಬ್ಬರಿಗೆ ಬೇಕಾದ ಚಿಕಿತ್ಸೆ ಒಂದೇ ಅಲ್ಲ. ಬರೆದವರ ಹೆಸರು ಕೈಬಿಟ್ಟಿದ್ದೇವೆ. ಮನೋವೈದ್ಯರು, ಆಪ್ತಸಮಾಲೋಚಕರು ಮತ್ತು ವಕೀಲರು ಸೇರಿ ಉತ್ತರಿಸಿದ್ದಾರೆ.

ಮಗ ಎಂಟನೇ ಕ್ಲಾಸು, 14 ವರ್ಷ. ಸಾಯಂಕಾಲ ಬಂದಾಗ ಅಂಗಿಗೆ ಪೇಂಟಿನಂಥ ವಾಸನೆ. ಬ್ಯಾಗಿನಲ್ಲಿ ಪಂಕ್ಚರ್ ಸೊಲ್ಯೂಶನ್ನಿನ ಖಾಲಿ ಟ್ಯೂಬುಗಳು, ಮುದ್ದೆಯಾದ ಕರ್ಚೀಫು. ಸೈಕಲ್ ರಿಪೇರಿ ಅಂತಾನೆ. ಅವರಪ್ಪನಿಗೆ ಗೊತ್ತಾದರೆ ಹೊಡೆದೇ ಹಾಕ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ನಿಮ್ಮ ಅನುಮಾನ ಸರಿ ಇರುವಂತಿದೆ. ಸೊಲ್ಯೂಶನ್, ವೈಟ್ನರ್, ಥಿನ್ನರ್, ಪೆಟ್ರೋಲ್ ಇವುಗಳ ಆವಿ ಎಳೆದುಕೊಳ್ಳುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವರ್ಷದವರಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58 ಮಂದಿ ಇದನ್ನು ಬಳಸುತ್ತಿದ್ದರು. ಉಳಿದ ಎಲ್ಲ ನಶೆಗಳಲ್ಲೂ ದೊಡ್ಡವರೇ ಮುಂದು, ಇದೊಂದರಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಕಾರಣ ಸರಳ. ಅಗ್ಗ, ಅಂಗಡಿಯಲ್ಲಿ ಸಿಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಬಾಟಲಿಯ ವೈಟ್ನರ್ ಮಾರಾಟಕ್ಕೆ 2012ರಲ್ಲಿ ತಡೆ ಬಿತ್ತು. ಸೊಲ್ಯೂಶನ್ ಮಾತ್ರ ಇಂದಿಗೂ ಸೈಕಲ್ ಅಂಗಡಿಯ ಗಾಜಿನ ಡಬ್ಬಿಯಲ್ಲಿ ಕೂತಿದೆ.

ಮೊದಲ ಎಚ್ಚರಿಕೆ, ಅವರಪ್ಪನಿಗೂ ಇದನ್ನೇ ಹೇಳಿ: ಹುಡುಗ ಆವಿ ಎಳೆಯುತ್ತಿರುವಾಗ ಕೈಗೆ ಸಿಕ್ಕಿಬಿದ್ದರೆ ಕೂಗಬೇಡಿ, ಹೊಡೆಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಈ ದ್ರಾವಕಗಳು ಹೃದಯವನ್ನು ಅಡ್ರಿನಾಲಿನ್ನಿಗೆ ಅತಿ ಸೂಕ್ಷ್ಮವಾಗಿಸುತ್ತವೆ. ಆಗ ಗಾಬರಿ ಬಿದ್ದರೆ, ಓಡಿದರೆ, ಬಡಿತದ ಲಯ ತಪ್ಪಿ ಹೃದಯ ಅಲ್ಲೇ ನಿಂತುಬಿಡಬಹುದು. ಮೊದಲನೇ ಸಲ ಮೂಸಿದ ಮಕ್ಕಳೂ ಹೀಗೆ ಸತ್ತದ್ದುಂಟು. ಮೆಲ್ಲಗೆ ಗಾಳಿಯಾಡುವ ಕಡೆ ಕರೆತಂದು ಕೂರಿಸಿ. ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಎಚ್ಚರ ತಪ್ಪಿದರೆ 108.

ಇನ್ನು ಗುರುತುಗಳು. ಉಸಿರಿನಲ್ಲಿ ರಾಸಾಯನಿಕದ ವಾಸನೆ, ಬಾಯಿ ಮೂಗಿನ ಸುತ್ತ ಒಣಗಿದ ಕೆಂಪು ಗುಳ್ಳೆ, ಬೆರಳಿಗೆ ಅಂಟಿದ ಗೋಂದು, ಊಟ ಸೇರದಿರುವುದು, ಸಂಜೆ ಹೊತ್ತಿನ ತಲೆನೋವು. ಅಮಲು ಕೆಲವೇ ನಿಮಿಷ ಇರುತ್ತದೆ, ಅದಕ್ಕೇ ಮತ್ತೆ ಮತ್ತೆ ಮೂಸುತ್ತಾರೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಅಂಗಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಪಾಠ ತಲೆಯಲ್ಲಿ ನಿಲ್ಲದಿರುವುದು ಶುರುವಾಗುತ್ತವೆ. ಟಾಲ್ಯೂಯಿನ್ ಎಂಬ ದ್ರಾವಕ ರಕ್ತದ ಪೊಟ್ಯಾಸಿಯಂ ಇಳಿಸಿ ಕೈಕಾಲಿನ ಶಕ್ತಿಯನ್ನೇ ಕಸಿಯುತ್ತದೆ. ವೈದ್ಯರ ಬಳಿ ಹೋದಾಗ ಪೊಟ್ಯಾಸಿಯಂ, ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿಸಿ.

ಇದಕ್ಕೆ ಪ್ರತ್ಯೇಕ ಮಾತ್ರೆ ಇಲ್ಲ. ಬಿಟ್ಟಮೇಲೆ ಕೆಲವು ದಿನ ಸಿಡುಕು, ತಲೆನೋವು, ನಿದ್ದೆಗೇಡು ಇದ್ದು ತಾನಾಗಿ ಇಳಿಯುತ್ತವೆ. ಕಷ್ಟದ ಭಾಗ ಆಮೇಲಿನದು. 14ರ ಹುಡುಗ ಸಂಜೆ ನಾಲ್ಕರಿಂದ ಏಳರವರೆಗೆ ಎಲ್ಲಿರುತ್ತಾನೆ, ಓದು ಬರೆಹದಲ್ಲಿ ಹಿಂದೆ ಬಿದ್ದು ಕ್ಲಾಸಿನಲ್ಲಿ ಅವಮಾನವಾಗುತ್ತಿದೆಯೇ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಥವಾ ಕಲಿಕೆಯ ತೊಂದರೆ ಇದೆಯೇ, ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಾನೆಯೇ? ಇವನ್ನು ಸರಿಪಡಿಸದೆ ಸೊಲ್ಯೂಶನ್ ಟ್ಯೂಬು ಮಾತ್ರ ಕಸಿದುಕೊಂಡರೆ ಅವನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತಾನೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಹೊರರೋಗಿಯಾಗಿ ತೋರಿಸಿದರೆ ಸಾಕು, ದಾಖಲಿಸುವ ಅಗತ್ಯ ಅಪರೂಪ.

ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದಿದ್ದೇನೆ. ಮಗನಿಗೆ (17) ಗೊತ್ತಾಗದ ಹಾಗೆ ಪರೀಕ್ಷೆ ಮಾಡಬಹುದೇ? ನಂಬಬಹುದೇ?
– ಒಬ್ಬ ತಂದೆ, ಮೈಸೂರು

ಮಾಡಬೇಡಿ. ಕದ್ದು ಮಾಡಿದ ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಅದನ್ನು ಅವನೆದುರು ಇಟ್ಟ ದಿನ ಅವನು ನಿಮ್ಮೊಡನೆ ಮಾತು ನಿಲ್ಲಿಸುತ್ತಾನೆ.

ಕಿಟ್ಟಿನಲ್ಲಿರುವ ಪರೀಕ್ಷಾ ಪಟ್ಟಿಗೂ ಮಿತಿಗಳಿವೆ. ಗಾಂಜಾ ಒಂದು ಸಲ ಸೇದಿದರೆ ಸುಮಾರು 3 ದಿನ ಸಿಗುತ್ತದೆ. ದಿನವೂ ಸೇದುವವರಲ್ಲಿ ಬಿಟ್ಟು 3-4 ವಾರವಾದರೂ ಪಾಸಿಟಿವ್ ಬರಬಹುದು. ಹಾಗಾಗಿ ಪಟ್ಟಿ ನೋಡಿ ‘ನಿನ್ನೆಯೂ ಸೇದಿದ್ದೀಯ’ ಎನ್ನುವಂತಿಲ್ಲ. ಅಫೀಮು ಜಾತಿಯ ಪಟ್ಟಿ ಮಾರ್ಫಿನ್, ಕೋಡೀನ್, ಹೆರಾಯಿನ್ ಹಿಡಿಯುತ್ತದೆ. ಈಗ ಹುಡುಗರಲ್ಲಿ ಹೆಚ್ಚು ಓಡಾಡುವ ಟ್ರಮಡಾಲ್, ಟ್ಯಾಪೆಂಟಡಾಲ್ ನೋವಿನ ಮಾತ್ರೆಗಳನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಎಲ್‌ಎಸ್‌ಡಿ, ಸೊಲ್ಯೂಶನ್ ಕೂಡ ತಪ್ಪಿಸಿಕೊಳ್ಳುತ್ತವೆ. ಇತ್ತ ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವನು, ಹಬ್ಬದೂಟದಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದವನು ಪಾಸಿಟಿವ್ ಆಗಬಹುದು! ಪಟ್ಟಿಯಲ್ಲಿ ಪಾಸಿಟಿವ್ ಬಂದದ್ದನ್ನು ಪ್ರಯೋಗಾಲಯದ ಖಚಿತ ಪರೀಕ್ಷೆ ಒಪ್ಪುವ ತನಕ ಅದು ಅನುಮಾನವಷ್ಟೇ.

ಚಿಕಿತ್ಸೆ ಶುರುವಾದ ಮೇಲೆ ಮಾತು ಬೇರೆ. ಹುಡುಗ ಒಪ್ಪಿ, ವೈದ್ಯರ ಕೋಣೆಯಲ್ಲಿ ಆಗಾಗ ಮಾಡುವ ಪರೀಕ್ಷೆ ಅವನಿಗೇ ಆಸರೆ. ‘ಇವತ್ತು ಟೆಸ್ಟ್ ಇದೆ ಕಣೋ’ ಅಂತ ಗೆಳೆಯರಿಗೆ ಹೇಳಿ ಜಾರಿಕೊಳ್ಳಲು ನೆಪ ಸಿಗುತ್ತದೆ.

ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ಮೂರ್ನಾಲ್ಕು ಹುಡುಗರ ಮೇಲೆ ಅನುಮಾನ. ಬ್ಯಾಗ್ ಚೆಕ್ ಮಾಡಿ ಟಿಸಿ ಕೊಟ್ಟು ಕಳಿಸಿ ಎನ್ನುತ್ತಾರೆ ಆಡಳಿತದವರು. ಪೊಲೀಸರಿಗೆ ಹೇಳಬೇಕೇ? ಅನುಮಾನ ಖಚಿತ ಮಾಡಿಕೊಳ್ಳುವುದು ಹೇಗೆ?
– ಓದುಗರು, ಕಲಬುರಗಿ

ಕೆಂಪು ಕಣ್ಣು ನೋಡಿ ತೀರ್ಪು ಕೊಡಬೇಡಿ ಸರ್. ರಾತ್ರಿಯಿಡೀ ಮೊಬೈಲ್ ನೋಡಿದವನ ಕಣ್ಣೂ ಕೆಂಪೇ. ಅದೇ ಹುಡುಗನ ಮೂರು ತಿಂಗಳ ಹಿಂದಿನ ನಡವಳಿಕೆಯೊಡನೆ ಹೋಲಿಸಿ. ಮೊದಲ ಪೀರಿಯಡ್ಡಿಗೆ ಗೈರು ಹೆಚ್ಚಾಗಿದೆಯೇ, ಹಳೆಯ ಗೆಳೆಯರನ್ನು ಬಿಟ್ಟು ಹೊಸ ಗುಂಪು ಸೇರಿದ್ದಾನೆಯೇ, ಆಟ ಬಿಟ್ಟನೇ, ಸಾಲ ಕೇಳುತ್ತಿದ್ದಾನೆಯೇ, ಮನೆಯಿಂದ ದುಡ್ಡು, ವಸ್ತು ಕಾಣೆಯಾಗುತ್ತಿವೆಯೇ? ಇವುಗಳಲ್ಲಿ ನಾಲ್ಕೈದು ಒಟ್ಟಿಗೆ ಬದಲಾಗಿದ್ದರೆ ಮಾತಾಡುವ ಹೊತ್ತು ಬಂತು ಎಂದರ್ಥ. ಖಿನ್ನತೆಗೂ ಇವೇ ಗುರುತುಗಳು. ಆದ್ದರಿಂದ ಮಾತು ‘ಏನು ತಗೋತೀಯ?’ ಎಂದು ಶುರುವಾಗಬಾರದು. ‘ಈಚೆಗೆ ಹೇಗಿದ್ದೀಯಪ್ಪಾ?’ ಎಂದು ಶುರುವಾಗಲಿ.

12ರಿಂದ 21 ವರ್ಷದವರಿಗಾಗಿಯೇ ರೂಪಿಸಿದ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಕಿರುಪರೀಕ್ಷೆ ಇದೆ. ಆಪ್ತಸಮಾಲೋಚಕರು ಏಕಾಂತದಲ್ಲಿ ಕೇಳುತ್ತಾರೆ. ನಶೆಯಲ್ಲಿದ್ದವರು ಓಡಿಸಿದ ಗಾಡಿಯಲ್ಲಿ ಕೂತಿದ್ದೀಯ, ಅಥವಾ ನೀನೇ ಹಾಗೆ ಓಡಿಸಿದ್ದೀಯ? ಮನಸ್ಸು ಹಗುರ ಮಾಡಿಕೊಳ್ಳಲು, ಗುಂಪಿಗೆ ಹೊಂದಿಕೊಳ್ಳಲು ಬಳಸುತ್ತೀಯ? ಒಬ್ಬನೇ ಇರುವಾಗ ಬಳಸುತ್ತೀಯ? ಅಮಲಿನಲ್ಲಿ ಮಾಡಿದ್ದು ಮರೆತುಹೋಗಿದೆಯೇ? ಮನೆಯವರು, ಗೆಳೆಯರು ಕಡಿಮೆ ಮಾಡು ಎಂದಿದ್ದಾರೆಯೇ? ಅದರಿಂದ ತೊಂದರೆಗೆ ಸಿಕ್ಕಿಬಿದ್ದಿದ್ದೀಯ? ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ವೈದ್ಯರಿಗೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಆರರಲ್ಲಿ ಭಾರವಾದದ್ದು ‘ಒಬ್ಬನೇ ಇರುವಾಗ’ ಎನ್ನುವುದು. ಗುಂಪಿನ ಮೋಜು ಮುಗಿದು ವಸ್ತುವೇ ಜೊತೆಗಾರನಾಗುವ ಘಟ್ಟ ಅದು.

ಟಿಸಿ ಕೊಡುವುದು ತೀರಾ ಕೆಟ್ಟ ದಾರಿ. ಹುಡುಗನ ದಿನದಲ್ಲಿ ಹಿರಿಯರ ಕಣ್ಣಿದ್ದ ಆರು ಗಂಟೆಯೂ ಹೋಗುತ್ತದೆ. ಬ್ಯಾಗ್ ತಪಾಸಣೆ ಅನಿವಾರ್ಯವಾದರೆ ಪ್ರಾಂಶುಪಾಲರ ಕೋಣೆಯಲ್ಲಿ ಇಬ್ಬರು ಸಿಬ್ಬಂದಿ ಎದುರು ನಡೆಯಲಿ, ಹುಡುಗಿಯರದ್ದಾದರೆ ಮಹಿಳಾ ಸಿಬ್ಬಂದಿಯೇ ಮಾಡಲಿ. ಇಡೀ ತರಗತಿಯ ಮುಂದೆ ಬೇಡ.

ಪೊಲೀಸರಿಗೆ ಹೇಳಬೇಕಾದ್ದು ಮಾರುವವನ ಬಗ್ಗೆ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 77ರ ಪ್ರಕಾರ 18ರೊಳಗಿನವರಿಗೆ ಮದ್ಯ, ಮಾದಕವಸ್ತು, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, ₹1 ಲಕ್ಷದವರೆಗೆ ದಂಡ. ಮಕ್ಕಳ ಕೈಲಿ ಮಾರಿಸಿದರೆ, ಸಾಗಿಸಿದರೆ ಸೆಕ್ಷನ್ 78, ಶಿಕ್ಷೆ ಅಷ್ಟೇ. 112ಕ್ಕೆ ಅಥವಾ ಎನ್‌ಸಿಬಿಯ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) 1933ಕ್ಕೆ ತಿಳಿಸಿ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ಸಿಗರೇಟು, ತಂಬಾಕು ಮಾರುವುದೂ ಅಪರಾಧ. ಕಾಲೇಜು ಗೇಟಿನೆದುರಿನ ಗೂಡಂಗಡಿಯಿಂದಲೇ ಶುರು ಮಾಡಿ. ಬೆಂಗಳೂರೂ ಸೇರಿ 10 ನಗರಗಳ ಶಾಲಾ ಮಕ್ಕಳಲ್ಲಿ ಏಮ್ಸ್ ನೇತೃತ್ವದಲ್ಲಿ ನಡೆದ ಸಮೀಕ್ಷೆಯಲ್ಲಿ ಮೊದಲ ಬಳಕೆಯ ಸರಾಸರಿ ವಯಸ್ಸು 12.9. ಪಿಯುಸಿಯಲ್ಲಿ ಜಾಗೃತಿ ಭಾಷಣ ಇಡುವಷ್ಟರಲ್ಲಿ ನಾಲ್ಕು ವರ್ಷ ತಡವಾಗಿರುತ್ತದೆ. ಅಸ್ಥಿಪಂಜರದ ಚಿತ್ರ ತೋರಿಸುವ ಭಾಷಣದಿಂದ ಪ್ರಯೋಜನವೂ ಇಲ್ಲ. ಅದನ್ನು ನೋಡಿದ ಹುಡುಗ ವಾರಾಂತ್ಯಕ್ಕೆ ಸೇದುವ ಸೀನಿಯರ್ ಆರಾಮಾಗಿ ಓಡಾಡುವುದನ್ನು ಕಂಡು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಎಂಜಿನಿಯರಿಂಗ್ ಎರಡನೇ ವರ್ಷ, 20. ಎರಡು ವರ್ಷದಿಂದ ದಿನಾ ಜಾಯಿಂಟ್. ಸೊಪ್ಪು ನ್ಯಾಚುರಲ್, ಅಡಿಕ್ಷನ್ ಆಗಲ್ಲ ಅಂದುಕೊಂಡಿದ್ದೆ. ಬಿಟ್ಟು ಮೂರು ದಿನ ಆಯ್ತು, ನಿದ್ದೆನೇ ಇಲ್ಲ, ಊಟ ಸೇರ್ತಿಲ್ಲ, ಎಲ್ಲರ ಮೇಲೂ ರೇಗ್ತೀನಿ. ಇದು ಎಷ್ಟು ದಿನ?
– ವಿದ್ಯಾರ್ಥಿ, ಬೆಂಗಳೂರು

ನಿಮಗೆ ಈಗ ಆಗುತ್ತಿರುವುದೇ ಅವಲಂಬನೆಯ ಪುರಾವೆ. ದಿನವೂ ಸೇದುವವರು ಬಿಟ್ಟಾಗ 24ರಿಂದ 48 ಗಂಟೆಯಲ್ಲಿ ಸಿಡುಕು, ಬೆವರು, ಹಸಿವಿಲ್ಲದಿರುವುದು, ನಿದ್ದೆಗೇಡು ಶುರುವಾಗಿ ಮೊದಲ ವಾರದಲ್ಲಿ ಜೋರಾಗುತ್ತವೆ. ಎರಡು ವಾರಕ್ಕೆ ಬಹುಪಾಲು ಇಳಿಯುತ್ತವೆ. ನಿದ್ದೆ ಮತ್ತು ವಿಚಿತ್ರ ಕನಸು ತಿಂಗಳವರೆಗೂ ಕಾಡಬಹುದು. ಮೂರನೇ ದಿನ ನೀವು ಏರಿನ ತುದಿಯ ಹತ್ತಿರ ಇದ್ದೀರಿ.

ಬಹಳ ಜನ ಎಡವುವ ಕಡೆ ಒಂದಿದೆ. ಜಾಯಿಂಟಿನಲ್ಲಿ ಸಿಗರೇಟಿನ ತಂಬಾಕು ಬೆರೆಸುತ್ತಿದ್ದಿರಾ? ಹಾಗಿದ್ದರೆ ನೀವು ಬಿಟ್ಟದ್ದು ಎರಡು ವಸ್ತು. ನಿಕೋಟಿನ್ ತುಡಿತವನ್ನು ಗಾಂಜಾದ ತುಡಿತವೆಂದು ತಿಳಿದು ವಾಪಸ್ ಹೋಗುವವರು ಹೆಚ್ಚು. ವೈದ್ಯರನ್ನು ಕೇಳಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಬಳಸಬಹುದು. ಅದನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತಲೇ ಇರಬಾರದು. ಒಗರು ಬಂದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟು, ಒಗರು ಹೋದಮೇಲೆ ಮತ್ತೆ ಅಗಿದು, ಹೀಗೆ ಅರ್ಧ ಗಂಟೆ. ನುಂಗಿದ ನಿಕೋಟಿನ್ ಹೊಟ್ಟೆ ತೊಳೆಸುತ್ತದೆಯೇ ಹೊರತು ತುಡಿತ ಇಳಿಸುವುದಿಲ್ಲ.

ರೂಮಿನಲ್ಲಿರುವ ಪೇಪರ್, ಕ್ರಶರ್, ಉಳಿದ ಚೂರು ಎಲ್ಲ ಇವತ್ತೇ ಹೊರಗೆ. ‘ಕೊನೇ ಸಲಕ್ಕೆ’ ಅಂತ ಇಟ್ಟುಕೊಂಡದ್ದೇ ಐದನೇ ರಾತ್ರಿ ಕೈಗೆ ಬರುವುದು. ಮಧ್ಯಾಹ್ನ 2ರ ನಂತರ ಕಾಫಿ ಬೇಡ. ಸಂಜೆ ಬೆವರು ಬರುವಂತೆ 40 ನಿಮಿಷ ನಡೆಯಿರಿ, ಓಡಿ. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಕೂತು ಕಣ್ಣೆಳೆದಾಗ ಮಲಗಿ. ಏಳುವ ಸಮಯ ಮಾತ್ರ ದಿನವೂ ಒಂದೇ ಇರಲಿ. ತುಡಿತ ಬಂದಾಗ ಹೆಚ್ಚೆಂದರೆ ಅರ್ಧ ಗಂಟೆ ಕಾಡಿ ಇಳಿಯುತ್ತದೆ. ಆ ಅರ್ಧ ಗಂಟೆ ರೂಮಿನಿಂದ ಹೊರಗಿರಿ, ಸೇದದ ಗೆಳೆಯನಿಗೆ ಫೋನ್ ಮಾಡಿ. ನಿದ್ದೆಗೆಂದು ಗೆಳೆಯನ ಆಲ್ಪ್ರಜೋಲಮ್ ಮಾತ್ರೆ, ಬಿಯರ್ ಎರಡೂ ಬೇಡ. ಗಾಂಜಾ ಬಿಟ್ಟು ಅದಕ್ಕಿಂತ ಕಷ್ಟದ ಚಟಕ್ಕೆ ಬಿದ್ದವರು ಬಂದದ್ದು ಈ ದಾರಿಯಲ್ಲೇ.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಗುರುತುಗಳು: ಯಾರೋ ಮಾತಾಡಿದಂತೆ ಕೇಳಿಸುವುದು, ಎಲ್ಲರೂ ತನ್ನನ್ನೇ ನೋಡುತ್ತಾರೆ, ಫೋನ್ ಹ್ಯಾಕ್ ಆಗಿದೆ ಎನ್ನುವ ಬಲವಾದ ಶಂಕೆ, ಸಾಯುವ ಯೋಚನೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಗಳು ಇದ್ದರೆ ಗಾಂಜಾ ನಿಮ್ಮ ಪಾಲಿಗೆ ಉಳಿದವರಿಗಿಂತ ಅಪಾಯಕಾರಿ. ಅದರಲ್ಲೂ ಈಗ ‘ಹೈಡ್ರೋ’ ಹೆಸರಿನಲ್ಲಿ ಥಾಯ್ಲೆಂಡಿನಿಂದ ಕಳ್ಳಸಾಗಣೆಯಾಗಿ ಬೆಂಗಳೂರು ವಿಮಾನನಿಲ್ದಾಣದಲ್ಲಿ ಪದೇ ಪದೇ ಸಿಕ್ಕಿಬೀಳುತ್ತಿರುವ ಗಾಂಜಾದಲ್ಲಿ ಟಿಎಚ್‌ಸಿ (ಅಮಲೇರಿಸುವ ರಾಸಾಯನಿಕ) ಅಂಶ ಹಳ್ಳಿಯ ಹೊಲದಂಚಿನ ಸೊಪ್ಪಿಗಿಂತ ಹೆಚ್ಚು. ಅಜ್ಜಂದಿರು ಮಠದ ಕಟ್ಟೆಯಲ್ಲಿ ಸೇದಿ ಚೆನ್ನಾಗೇ ಇದ್ದರಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತು, ಇದು ಎಲ್ಲ ಸೇದುವವರಿಗೂ. ವರ್ಷಗಟ್ಟಲೆ ಸೇದುವವರಲ್ಲಿ ಕೆಲವರಿಗೆ ಪದೇ ಪದೇ ವಿಪರೀತ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನ ಮಾಡಿದರೆ ಹಿತವೆನಿಸುತ್ತದೆ. ಗ್ಯಾಸ್ಟ್ರಿಕ್ ಎಂದು ಎಂಡೋಸ್ಕೋಪಿ ಮೇಲೆ ಎಂಡೋಸ್ಕೋಪಿ ಮಾಡಿಸುತ್ತಾರೆ. ಸೇದುವ ವಿಷಯವನ್ನು ವೈದ್ಯರಿಗೆ ಹೇಳಿ, ಖರ್ಚು ಉಳಿಯುತ್ತದೆ. ಗಾಂಜಾ ಬಿಟ್ಟರೆ ಮಾತ್ರ ನಿಲ್ಲುವ ವಾಂತಿ ಅದು.

ತಮ್ಮ (21) ನೋವಿನ ಮಾತ್ರೆಗೆ ಬಿದ್ದಿದ್ದಾನೆ, ದಿನಾ ಪಟ್ಟಿಗಟ್ಟಲೆ. ರಾತ್ರಿ ನಿದ್ದೆ ಮಾತ್ರೆನೂ ನುಂಗ್ತಾನ. ಮನ್ಯಾಗ ಎಂಟು ದಿನ ರೂಮಿನ್ಯಾಗ ಕೂಡಿಹಾಕಿ ಬಿಡಿಸೂಣು ಅಂತಾರ. ಹೋದ ಸಲ ಹಂಗ ಮಾಡಿದ್ವಿ, ಮೂಗು ಸೋರಿ, ಭೇದಿ ಆಗಿ ಭಾಳ ಒದ್ದಾಡಿದ. ಹತ್ತನೇ ದಿನಕ್ಕ ಮತ್ತ ಶುರು. ಏನ್ ಮಾಡೂಣ್ರಿ?
– ಅಕ್ಕ, ಹುಬ್ಬಳ್ಳಿ

ಕೂಡಿಹಾಕಬೇಡ್ರಿ ಅಕ್ಕಾ. ಇಲ್ಲಿ ಎರಡು ಜಾತಿಯ ಮಾತ್ರೆ ಇವೆ, ಎರಡರ ಸ್ವಭಾವ ಬೇರೆ ಬೇರೆ.

ನೋವಿನ ಮಾತ್ರೆ (ಟ್ಯಾಪೆಂಟಡಾಲ್, ಟ್ರಮಡಾಲ್) ಅಫೀಮಿನ ಜಾತಿ. ನಿಲ್ಲಿಸಿದ 8ರಿಂದ 24 ಗಂಟೆಯಲ್ಲಿ ಆಕಳಿಕೆ, ಕಣ್ಣು ಮೂಗು ಸೋರುವುದು, ಮೈ ನವಿರೇಳುವುದು, ಮೂಳೆನೋವು, ಭೇದಿ. ಎರಡು ಮೂರನೇ ದಿನ ಅತಿ ಕಷ್ಟ, ಏಳೆಂಟು ದಿನಕ್ಕೆ ಇಳಿಯುತ್ತದೆ. ನೋಡಲು ಭಯವಾದರೂ ಆರೋಗ್ಯವಂತ ತರುಣನ ಜೀವಕ್ಕೆ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಭೇದಿಯಿಂದ ನೀರಿನಂಶ ಇಳಿಯದಂತೆ ಓಆರ್‌ಎಸ್ ಕುಡಿಸಬೇಕು ಅಷ್ಟೇ. ನಿದ್ದೆ ಮಾತ್ರೆ (ಆಲ್ಪ್ರಜೋಲಮ್, ನೈಟ್ರಜೆಪಾಮ್ ಮುಂತಾದವು) ಹಾಗಲ್ಲ. ದಿನಾ ತಿಂಗಳುಗಟ್ಟಲೆ ನುಂಗಿ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಸಾರಾಯಿಯೂ ಹೀಗೇ. ವೈದ್ಯರು ಇದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಕೋಣೆಯಲ್ಲಿ ಕೂಡಿಹಾಕಿದಾಗ ನಿಂತದ್ದು ಎರಡೂ ಮಾತ್ರೆ, ಅದೂ ಒಂದೇ ದಿನ. ಹೋದ ಸಲ ಫಿಟ್ಸ್ ಬಾರದ್ದು ಅದೃಷ್ಟ.

ಹತ್ತನೇ ದಿನ ಮತ್ತೆ ಶುರು ಮಾಡಿದ್ದರಲ್ಲಿ ಇನ್ನೂ ದೊಡ್ಡ ಅಪಾಯವಿತ್ತು. ಬಿಟ್ಟ ಹತ್ತು ದಿನದಲ್ಲಿ ಮೈಯ ಸಹನೆ ಇಳಿದಿರುತ್ತದೆ, ಮನಸ್ಸಿನಲ್ಲಿ ಮಾತ್ರ ಹಳೆಯ ಅಳತೆಯೇ ಇರುತ್ತದೆ. ಹಳೆಯ ಅಳತೆ ತಗೊಂಡಾಗ ಉಸಿರು ನಿಲ್ಲುತ್ತದೆ. ಚಿಕಿತ್ಸಾ ಕೇಂದ್ರದಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚಾಗುವುದು ಇದೇ ಕಾರಣಕ್ಕೆ.

ಮಾಡಬೇಕಾದ್ದು: ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ನಿಮಗೆ ಅರ್ಧ ಗಂಟೆಯ ದಾರಿ. ಖಾಲಿ ಮಾತ್ರೆ ಪಟ್ಟಿಗಳನ್ನು ಎಸೆಯದೆ ಒಯ್ಯಿರಿ, ಹೆಸರು ಮಿಲಿಗ್ರಾಂ ನೋಡಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ. ಅಫೀಮು ಜಾತಿಯ ಚಟಕ್ಕೆ ಬುಪ್ರೆನಾರ್ಫಿನ್-ನಲಾಕ್ಸೋನ್ ಎಂಬ, ನಾಲಗೆ ಕೆಳಗೆ ಇಡುವ ಮಾತ್ರೆ ಇದೆ. ಹಿಂತೆಗೆತದ (ಚಟದ ವಸ್ತು ನಿಂತಾಗಿನ ಒದ್ದಾಟದ) ಲಕ್ಷಣ ಕಾಣಿಸಿಕೊಂಡ ಮೇಲೇ ಮೊದಲ ಮಾತ್ರೆ ಕೊಡುತ್ತಾರೆ. ಮೊದಲೇ ಕೊಟ್ಟರೆ ಒದ್ದಾಟ ಒಮ್ಮೆಲೇ ಏರುತ್ತದೆ. ತಿಂಗಳುಗಟ್ಟಲೆ, ಹಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ‘ಒಂದು ಚಟ ಬಿಡಿಸಾಕ ಇನ್ನೊಂದು ಮಾತ್ರೆ ಯಾಕ’ ಎಂದು ಮನೆಯವರೇ ಎರಡನೇ ತಿಂಗಳಿಗೆ ನಿಲ್ಲಿಸುತ್ತಾರೆ, ಹುಡುಗ ವಾಪಸ್ ಹೋಗುತ್ತಾನೆ. ಸಕ್ಕರೆ ಕಾಯಿಲೆಯ ಮಾತ್ರೆಯಂತೆ ನೋಡಿ: ನಿಲ್ಲಿಸುವ ದಿನ ವೈದ್ಯರು ಹೇಳಲಿ. ಸೂಜಿ ಚುಚ್ಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಉಚಿತ, ಹೆಪಟೈಟಿಸ್ ಸಿಗೆ ಸರ್ಕಾರದ ಉಚಿತ ಚಿಕಿತ್ಸೆಯೂ ಇದೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಕೂಗಿದರೂ ಏಳದಿರುವುದು, ಗೊರಗೊರ ಶಬ್ದ, ನಿಮಿಷಕ್ಕೆ ಎಂಟು-ಹತ್ತಕ್ಕಿಂತ ಕಡಿಮೆ ಉಸಿರು, ನೀಲಿಯಾದ ತುಟಿ, ಸೂಜಿಮೊನೆಯಷ್ಟು ಕಣ್ಣಪಾಪೆ, ಇಷ್ಟಿದ್ದರೆ ಅದು ಓವರ್‌ಡೋಸ್. 108ಕ್ಕೆ ಕರೆ ಮಾಡಿ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು 5-6 ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಿ. ತಾನಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಮಜ್ಜಿಗೆ, ನಿಂಬೆರಸ, ಉಪ್ಪುನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ‘ಮಲಗಿದಾನ, ಅಮಲು ಇಳೀಲಿ’ ಎಂದು ಬಿಟ್ಟು ಹೋಗಬೇಡಿ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಇದೆ, ಏನು ನುಂಗಿದ್ದ ಎಂದು ಮುಚ್ಚಿಡದೆ ಹೇಳಿ.

ಒಂದು ‘ಸೆಂಟರ್’ನವರು ರಾತ್ರಿ ಗಾಡಿ ತಂದು ಮಗನನ್ನು (16) ಎತ್ತಿಕೊಂಡು ಹೋಗುತ್ತೇವೆ, ಆರು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ, ಗ್ಯಾರಂಟಿ ಎನ್ನುತ್ತಿದ್ದಾರೆ. ಸೇರಿಸಬಹುದೇ?
– ತಂದೆ, ತುಮಕೂರು

ಬೇಡ. ಅವರು ಹೇಳಿದ ನಾಲ್ಕೂ ಮಾತು ಕಾನೂನಿಗೂ ವೈದ್ಯಶಾಸ್ತ್ರಕ್ಕೂ ವಿರುದ್ಧ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ವ್ಯಾಪ್ತಿಗೆ ವ್ಯಸನವೂ ಬರುತ್ತದೆ. 18ರೊಳಗಿನವರ ದಾಖಲಾತಿಗೆ ಸೆಕ್ಷನ್ 87 ಇದೆ. ಪೋಷಕರ ಅರ್ಜಿ ಬೇಕು, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ದಾಖಲಾತಿ ಅಗತ್ಯವೆಂದು ಒಪ್ಪಬೇಕು, ವಯಸ್ಕರಿಂದ ಬೇರೆ ಇಡಬೇಕು, ದಾಖಲಾದ ಅಷ್ಟೂ ದಿನ ಪೋಷಕರು ಅಥವಾ ಅವರು ನೇಮಿಸಿದವರು ಜೊತೆಗಿರಬೇಕು. 72 ಗಂಟೆಯೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸೆಕ್ಷನ್ 95ರಂತೆ ಸರಪಳಿ ಯಾವ ರೂಪದಲ್ಲೂ ನಿಷಿದ್ಧ. ಫೋನ್, ಭೇಟಿ ರೋಗಿಯ ಹಕ್ಕು.

ಯಾವ ಕೇಂದ್ರವೇ ಆಗಲಿ, ಸೇರಿಸುವ ಮುನ್ನ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ಹೆಸರೇನು? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಬಿಡುಗಡೆಯಾದ ಮೇಲೆ ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಹಿಂತಿರುಗಿ. ವ್ಯಸನ ಮರುಕಳಿಸುವ ಕಾಯಿಲೆ, ಅದರಲ್ಲಿ ‘ಗ್ಯಾರಂಟಿ’ ಕೊಡುವವನು ಸುಳ್ಳು ಹೇಳುತ್ತಿದ್ದಾನೆ. ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ ಇಲ್ಲವೇ ನಿಮ್ಮ ಜಿಲ್ಲಾಸ್ಪತ್ರೆಗೆ ಹಗಲು ಹೊತ್ತು, ಮಗನಿಗೆ ಹೇಳಿಯೇ ಕರೆದುಕೊಂಡು ಹೋಗಿ. ಬರಲೊಲ್ಲ ಎಂದರೆ ಮೊದಲ ಭೇಟಿಗೆ ನೀವಿಬ್ಬರೇ ಹೋಗಿ, ಅದೂ ಚಿಕಿತ್ಸೆಯ ಭಾಗವೇ. ಹೊರಡುವ ಮುನ್ನ ಮಾತಾಡಬೇಕೆನಿಸಿದರೆ 14446 (ವ್ಯಸನಮುಕ್ತಿ), 14416 (ಟೆಲಿ-ಮಾನಸ್), ಎರಡೂ ಉಚಿತ.

ಚಿಕಿತ್ಸೆಗೆ ಹೋದರೆ ವೈದ್ಯರು ಪೊಲೀಸರಿಗೆ ತಿಳಿಸುತ್ತಾರಾ? ನನ್ನ ರೂಮ್‌ಮೇಟ್ ಹತ್ತಿರ ಗಾಂಜಾ ಇರುತ್ತದೆ, ನನಗೂ ಕೇಸ್ ಆಗುತ್ತಾ?
– ಪದವಿ ವಿದ್ಯಾರ್ಥಿ, ಮಂಗಳೂರು

ಮೊದಲನೆಯದಕ್ಕೆ: ಇಲ್ಲ. ಗೌಪ್ಯತೆ ನಿಮ್ಮ ಹಕ್ಕು, ಬಳಸಿದ್ದನ್ನು ಪೊಲೀಸರಿಗೆ ವರದಿ ಮಾಡಬೇಕೆಂಬ ನಿಯಮ ವೈದ್ಯರಿಗಿಲ್ಲ.

ಎರಡನೆಯದು ಸ್ವಲ್ಪ ಉದ್ದ. ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ 1985ರಲ್ಲಿ ಬಳಕೆಯೇ ಅಪರಾಧ (ಸೆಕ್ಷನ್ 27). ಗಾಂಜಾಕ್ಕೆ 6 ತಿಂಗಳವರೆಗೆ ಸಜೆ ಅಥವಾ ₹10,000 ದಂಡ, ಇಲ್ಲವೇ ಎರಡೂ. ಇಟ್ಟುಕೊಂಡರೆ ತೂಕದ ಮೇಲೆ ಶಿಕ್ಷೆ. ಗಾಂಜಾದಲ್ಲಿ 1 ಕಿಲೋವರೆಗೆ ‘ಅಲ್ಪ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ’. ಈ ಲೆಕ್ಕವನ್ನು ಬೇರೆ ವಸ್ತುಗಳಿಗೆ ಹಚ್ಚಬೇಡಿ. ಎಂಡಿಎಂಎ ಎಂಬ ರಾಸಾಯನಿಕ ನಶೆವಸ್ತುವಿನಲ್ಲಿ ಅಲ್ಪ ಪ್ರಮಾಣ ಅರ್ಧ ಗ್ರಾಂ, 10 ಗ್ರಾಂ ದಾಟಿದರೆ ವಾಣಿಜ್ಯ, ಕನಿಷ್ಠ 10 ವರ್ಷ. ‘ಸ್ವಲ್ಪಾನೇ ಇತ್ತು’ ಎನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ದುಡ್ಡು ತಗೊಳ್ಳದೆ ಗೆಳೆಯನಿಗೆ ಕೊಟ್ಟರೂ ಅದು ಸರಬರಾಜೇ. ಎಲ್ಲರ ಪಾಲಿನ ದುಡ್ಡು ಒಬ್ಬನ ಯುಪಿಐಗೆ ಬಂದರೆ ಪೆಡ್ಲರ್ ಪಟ್ಟ ಅವನಿಗೇ.

ರೂಮ್‌ಮೇಟ್ ವಿಷಯದಲ್ಲಿ ನ್ಯಾಯಾಲಯ ನೋಡುವುದು ನಿಮಗೆ ಗೊತ್ತಿದ್ದೂ ನಿಮ್ಮ ಹಿಡಿತದಲ್ಲಿತ್ತೇ ಎಂದು. ಅದು ತೀರ್ಮಾನವಾಗುವ ಮೊದಲು ಬಂಧನ, ಜಾಮೀನಿನ ಓಡಾಟ ಎಲ್ಲ ಆಗಿರುತ್ತದೆ. ನಿಮ್ಮ ಕಪಾಟಿಗೆ ನಿಮ್ಮದೇ ಬೀಗ ಹಾಕಿ, ಪಾರ್ಸೆಲ್ ನಿಮ್ಮ ಹೆಸರಿಗೆ ತರಿಸಲು ಬಿಡಬೇಡಿ, ಸಾಧ್ಯವಾದರೆ ರೂಮ್ ಬದಲಿಸಿ. ವ್ಯಸನಿಯಾಗಿದ್ದು ಬಳಕೆ ಅಥವಾ ಅಲ್ಪ ಪ್ರಮಾಣದ ಕೇಸಿಗೆ ಸಿಕ್ಕವರು ತಾವಾಗಿ ಸರ್ಕಾರಿ ಇಲ್ಲವೇ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಸೆಕ್ಷನ್ 64ಎ ಅಡಿ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂಪಡೆಯಬಹುದು. ಬಹಳ ವಕೀಲರೂ ಇದನ್ನು ಎತ್ತುವುದಿಲ್ಲ, ನೀವೇ ಕೇಳಿ.

ಪಾರ್ಟಿಯಲ್ಲಿ ‘ಕ್ರಿಸ್ಟಲ್’ ತಗೊಂಡವರು ಕುಸಿದು ಬಿದ್ದರೆ?
– ಓದುಗರು, ಬೆಂಗಳೂರು

ಪಾರ್ಟಿಗಳಲ್ಲಿ ‘ಕ್ರಿಸ್ಟಲ್’ ಎನ್ನುವುದು ಹೆಚ್ಚಾಗಿ ಎಂಡಿಎಂಎಯನ್ನು. ಅದು ಮೈಯ ಬಿಸಿ ಏರಿಸುತ್ತದೆ. ಮೈ ಸುಡುತ್ತಿದ್ದು, ಬಡಬಡಿಸುತ್ತಿದ್ದರೆ ಹೊರಗೆ ತಂದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ, 108 ಕರೆಯಿರಿ. ಲೀಟರುಗಟ್ಟಲೆ ನೀರು ಕುಡಿಸಬೇಡಿ. ಈ ವಸ್ತು ಮೂತ್ರ ಹೋಗದಂತೆ ತಡೆಯುವುದರಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುತ್ತದೆ. ಗೆಳೆಯರು ಹೆದರಿ ಓಡಿಹೋಗುವುದರಿಂದಲೇ ಜೀವ ಹೋಗುತ್ತದೆ. ಒಬ್ಬರಾದರೂ ಜೊತೆಗಿದ್ದು ಏನು ತಗೊಂಡರೆಂದು ವೈದ್ಯರಿಗೆ ಹೇಳಿ.

ಮೆಡಿಕಲ್ ಶಾಪ್ ಇದೆ. ಕಾಲೇಜು ಹುಡುಗರು ಹಳೇ ಚೀಟಿಯ ಫೋಟೋ ಮೊಬೈಲಿನಲ್ಲಿ ತೋರಿಸಿ ನಿದ್ದೆ ಮಾತ್ರೆ, ನೋವಿನ ಮಾತ್ರೆ ಕೇಳುತ್ತಾರೆ.
– ಓದುಗರು, ಶಿವಮೊಗ್ಗ

ಕೊಡಬೇಡಿ. ಆಲ್ಪ್ರಜೋಲಮ್, ಟ್ರಮಡಾಲ್‌ನಂಥ ಎಚ್1 ಪಟ್ಟಿಯ ಔಷಧಕ್ಕೆ ಮೂಲ ಚೀಟಿ ಬೇಕು. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಿಡಬೇಕು. ಕೊಟ್ಟ ಚೀಟಿಯ ಮೇಲೆ ಸೀಲು, ದಿನಾಂಕ ಹಾಕಿ. ಒಂದೇ ಚೀಟಿ ನಾಲ್ಕು ಅಂಗಡಿ ಸುತ್ತುವುದು ಅಲ್ಲಿಗೆ ನಿಲ್ಲುತ್ತದೆ. ಮಾತ್ರೆ ಇಲ್ಲವೆಂದಾಗ ಕೈ ನಡುಗುತ್ತಿರುವ ಹುಡುಗನನ್ನು ಗದರಿ ಕಳಿಸುವ ಬದಲು 14446 ಬರೆದ ಚೀಟಿ ಕೈಗಿಡಿ.

ಮಗ (19) ಬರೀ ಬಿಯರ್ ಕುಡಿಯುತ್ತಾನೆ, ಹಾಟ್ ಮುಟ್ಟುವುದಿಲ್ಲ. ಚಿಂತೆ ಮಾಡಬೇಕೇ?
– ತಾಯಿ, ಹಾಸನ

ಲೆಕ್ಕ ಹಾಕಿ ನೋಡಿ. ಶೇ 8ರ 650 ಮಿಲಿ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್. 60 ಮಿಲಿಯ ಎರಡು ವಿಸ್ಕಿ ಪೆಗ್ಗಿನಲ್ಲೂ ಅಷ್ಟೇ. ಎರಡು ಬಾಟಲಿ ಕುಡಿದರೆ ಒಂದು ಕ್ವಾರ್ಟರ್ ದಾಟಿತು. ಎನರ್ಜಿ ಡ್ರಿಂಕ್ ಬೆರೆಸಿದರೆ ಅಮಲು ಗೊತ್ತಾಗುವುದಿಲ್ಲ, ರಕ್ತದಲ್ಲಿ ಮಾತ್ರ ಅಷ್ಟೇ ಇರುತ್ತದೆ, ಅದೇ ಧೈರ್ಯದಲ್ಲಿ ಬೈಕ್ ಹತ್ತುತ್ತಾರೆ. ವಾರಕ್ಕೆ ಎಷ್ಟು ಬಾಟಲಿ, ಒಬ್ಬನೇ ಕುಡಿಯುತ್ತಾನೆಯೇ, ಮನೆಗೆ ಯಾವುದರಲ್ಲಿ ಬರುತ್ತಾನೆ, ಈ ಮೂರನ್ನು ಕೇಳಿ. ಕುಡಿದ ರಾತ್ರಿ ಫೋನ್ ಮಾಡಿದರೆ ಬೈಗುಳವಿಲ್ಲದೆ ಕರೆತರುತ್ತೇವೆ ಎಂದು ಮೊದಲೇ ಮಾತು ಕೊಟ್ಟಿರಿ. ಬೈಯುವುದಿದ್ದರೆ ಮರುದಿನ ಮಧ್ಯಾಹ್ನ ಬೈಯಬಹುದು.